ಕೇಳುವವರಿಲ್ಲದ ಸ್ಥಾನದಲ್ಲಿ ಶಿಸ್ತು

ಓದುಗರ ಪ್ರಶ್ನೆ – ನಮ್ಮ ಉತ್ತರ

ಧಾರ್ಮಿಕ ಹೊಣೆ ಹೊತ್ತವರ ವೈಯಕ್ತಿಕ ಶಿಸ್ತಿನ ಬಗ್ಗೆ ಬಂದ ನಾಲ್ಕು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು, ಊರುಗಳನ್ನು ಅವರ ಕೋರಿಕೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸಣ್ಣ ವಿರಕ್ತಮಠದ ಸ್ವಾಮಿ. ವಯಸ್ಸು ಇನ್ನೂ ಮೂವತ್ತರೊಳಗೆ. ಸಾಧಕನಾಗಿದ್ದಾಗ ನಸುಕಿನಲ್ಲಿ ಎದ್ದು ಸ್ನಾನ, ಪೂಜೆ, ಯೋಗ, ಅಧ್ಯಯನ ಎಲ್ಲವನ್ನೂ ತಪ್ಪದೆ ನಡೆಸುತ್ತಿದ್ದೆ. ಪಟ್ಟಕ್ಕೆ ಬಂದ ಮೇಲೆ ದಿನಕ್ಕೆ ಎರಡು ಮೂರು ಊರುಗಳ ಕಾರ್ಯಕ್ರಮ, ರಾತ್ರಿ ಹನ್ನೊಂದರವರೆಗೆ ಭಕ್ತರ ಭೇಟಿ, ಆಮೇಲೆ ಮೊಬೈಲು. ಬೆಳಗಿನ ಪೂಜೆ ಹತ್ತು ನಿಮಿಷಕ್ಕೆ ಇಳಿದಿದೆ. ಪುಸ್ತಕ ಹಿಡಿದು ಎಷ್ಟೋ ತಿಂಗಳಾಯಿತು. ಪ್ರತಿ ಶ್ರಾವಣದಲ್ಲಿ ಸಂಕಲ್ಪ ಮಾಡುತ್ತೇನೆ, ದಸರೆಯ ಹೊತ್ತಿಗೆ ಅದು ಸಡಿಲಗೊಂಡಿರುತ್ತದೆ. ವೇದಿಕೆಯ ಮೇಲೆ ನಿಯಮದ ಬಗ್ಗೆ ಮಾತನಾಡುವಾಗ ನನಗೇ ಸಂಕೋಚವಾಗುತ್ತದೆ. ಏನು ಮಾಡಬೇಕು?

ಉತ್ತರ: ಪೂಜ್ಯರೇ, ತಮ್ಮ ಮನೋಬಲ ಕುಗ್ಗಿದೆ ಎಂಬ ಭಾವ ಪತ್ರದುದ್ದಕ್ಕೂ ಕಾಣುತ್ತದೆ. ನನಗೆ ಹಾಗೆ ತೋರುವುದಿಲ್ಲ. ಸಾಧಕರಾಗಿದ್ದಾಗ ತಮ್ಮನ್ನು ಎಬ್ಬಿಸುತ್ತಿದ್ದುದು ಗಂಟೆ, ಪಕ್ಕದ ಸಾಧಕರು ಹಾಸಿಗೆ ಸುತ್ತುವ ಸದ್ದು, ಪೂಜೆಗೆ ಬಾರದವನನ್ನು ಹೆಸರು ಹಿಡಿದು ವಿಚಾರಿಸುವ ಗುರುಗಳು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಮಠಗಳಿಗೆ ಯೋಗ್ಯರಾದ ಸ್ವಾಮಿಗಳು ಸಿಗಬೇಕೆಂದು. ಅದಕ್ಕಾಗಿ ಅವರು ಉಪದೇಶವೊಂದನ್ನೇ ನೆಚ್ಚಲಿಲ್ಲ. ಪೂಜೆ, ಯೋಗ, ಸಂಸ್ಕೃತ, ಸಂಗೀತ, ಗೋಸೇವೆ, ವಿಭೂತಿಯ ತಯಾರಿಕೆ ಇವೆಲ್ಲ ಸೇರಿದ ಒಂದು ಬದುಕನ್ನೇ ಅಲ್ಲಿ ಕಟ್ಟಿದರು. ಅಂಥ ಕಡೆ ಹುಡುಗನೊಬ್ಬ ಸೋಮಾರಿಯಾಗಿರಬೇಕೆಂದರೂ ಕಷ್ಟ. ತಾವು ಆಗ ಪಾಲಿಸಿದ ಶಿಸ್ತಿನಲ್ಲಿ ತಮ್ಮ ಪಾಲು ಎಷ್ಟೋ, ಆ ಸ್ಥಳದ ಪಾಲೂ ಅಷ್ಟೇ ಇತ್ತು.

ಪಟ್ಟವಾದ ದಿನ ಆ ವ್ಯವಸ್ಥೆ ಕಳಚಿತು. ಹಿಂದಿನ ದಿನದವರೆಗೆ ತಮ್ಮನ್ನು ಏಕವಚನದಲ್ಲಿ ಕರೆದು ಗದರಿಸಬಹುದಾಗಿದ್ದ ಹಿರಿಯರು ಮರುದಿನ ಕಾಲಿಗೆರಗಿದರು. ತಡವಾಗಿ ಎದ್ದರೆ 'ಬುದ್ಧಿಯವರು ದಣಿದಿದ್ದಾರೆ' ಎನ್ನುತ್ತಾರೆ; ಪೂಜೆ ಮೊಟಕಾದರೆ ಯಾರೂ ಗಮನಿಸುವುದಿಲ್ಲ; ಆಶೀರ್ವಚನ ಸಪ್ಪೆಯಾದರೂ ಚಪ್ಪಾಳೆ ಬೀಳುತ್ತದೆ. ಧರ್ಮದ ಸ್ಥಾನದಲ್ಲಿರುವವರಿಗೆ ಮೊದಲ ಅಪಾಯ ಬರುವುದು ಜನರ ಗೌರವದಿಂದ ಎಂಬುದು ನನ್ನ ದೃಢವಾದ ನಂಬಿಕೆ. ಆಸೆ, ಕೋಪ, ಆಲಸ್ಯಗಳು ಎಲ್ಲ ಮನುಷ್ಯರಿಗೂ ಇರುತ್ತವೆ, ಆದರೆ ಉಳಿದವರ ಆಲಸ್ಯವನ್ನು ಮೇಲಧಿಕಾರಿಯೋ ಮನೆಯವರೋ ಕೇಳುತ್ತಾರೆ. ತಮ್ಮನ್ನು ಕೇಳುವವರಿಲ್ಲ. ಹೀಗಾಗಿ ಇನ್ನೊಂದು ಸಂಕಲ್ಪ ಮಾಡುವುದಕ್ಕಿಂತ, ಕಳಚಿಹೋದ ವ್ಯವಸ್ಥೆಯನ್ನು ತಾವೇ ಮತ್ತೆ ತಮ್ಮ ಸುತ್ತ ಕಟ್ಟಿಕೊಳ್ಳುವುದು ಮುಖ್ಯ.

ರಾತ್ರಿಯಿಂದ ಆರಂಭಿಸಿ. ಹನ್ನೊಂದರವರೆಗೆ ಭೇಟಿ ಕೊಟ್ಟು, ಒಂದರವರೆಗೆ ಮೊಬೈಲು ನೋಡಿ, ನಾಲ್ಕಕ್ಕೆ ಏಳುತ್ತೇನೆನ್ನುವುದು ದೇಹಕ್ಕೆ ಮಾಡುವ ಅನ್ಯಾಯ. ದರ್ಶನದ ವೇಳೆಯನ್ನು ನಿಗದಿ ಮಾಡಿ ಮಠದ ಬಾಗಿಲಲ್ಲಿ ಫಲಕ ಹಾಕಿಸಿ; ರಾತ್ರಿ ಎಂಟೂವರೆಗೆ ಮುಗಿಯಲಿ. ಮೊದಲ ಕೆಲವು ವಾರ ದೂರದಿಂದ ಬಂದವರು ಬೇಸರ ಪಡುತ್ತಾರೆ, ಒಬ್ಬಿಬ್ಬರು ಹಿರಿಯ ಭಕ್ತರು ತಮಗಾಗಿ ನಿಯಮ ಮುರಿಯಲೆಂದು ಕಾಯುತ್ತಾರೆ. ಅವರಿಗಾಗಿ ಒಮ್ಮೆ ಮುರಿದರೆ ಫಲಕ ಅಂದೇ ನಿರರ್ಥಕವಾಗುತ್ತದೆ. ಸಾವು, ಕಾಯಿಲೆ, ಅಪಘಾತ ಇವುಗಳಿಗೆ ಮಾತ್ರ ಬಾಗಿಲು ತೆರೆದಿರಲಿ. ಒಂಬತ್ತು ಗಂಟೆಗೆ ಮೊಬೈಲನ್ನು ಮಠದ ಮ್ಯಾನೇಜರರ ಕೈಗೆ ಕೊಟ್ಟುಬಿಡಿ. ಅದು ದಿಂಬಿನ ಪಕ್ಕದಲ್ಲಿದ್ದರೆ ಎಂಥ ಸಾಧಕನ ಕೈಯೂ ಅತ್ತ ಹೋಗುತ್ತದೆ.

ಬೆಳಗಿನ ವಿಷಯದಲ್ಲಿ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ನೆನೆಯದೆ ಇರಲಾಗದು. 1930ರಲ್ಲಿ ದೀಕ್ಷೆ ಪಡೆದು, 1941ರಲ್ಲಿ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಅವರ ದಿನಚರಿ ಜನರಿಗೆ ಬೆರಗು ಹುಟ್ಟಿಸುತ್ತಿತ್ತು. ಅವರು ನಸುಕಿಗೆ ಮೊದಲೇ ಏಳುತ್ತಿದ್ದುದನ್ನು, ಮಿತವಾಗಿ ಉಣ್ಣುತ್ತಿದ್ದುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮಹತ್ವದ್ದಾಗಿ ಕಾಣುವುದು ಅವರು ತಮ್ಮ ಶಿಸ್ತನ್ನು ಮಕ್ಕಳಿಗೆ ಕಟ್ಟಿಕೊಂಡಿದ್ದ ರೀತಿ. ಸಾವಿರಾರು ವಿದ್ಯಾರ್ಥಿಗಳು ಬಯಲಿನಲ್ಲಿ ಸಾಲಾಗಿ ಕುಳಿತು ಸಾಮೂಹಿಕ ಪ್ರಾರ್ಥನೆ ಮಾಡುವಾಗ ಅವರೂ ಅಲ್ಲಿರುತ್ತಿದ್ದರು. ಮಕ್ಕಳ ಊಟ, ಓದು, ವಸತಿಗಳ ಗಡಿಯಾರವೇ ಅವರ ಗಡಿಯಾರವೂ ಆಗಿತ್ತು. ಕಾದು ಕುಳಿತ ಮಕ್ಕಳಿದ್ದರೆ ಎದ್ದು ಹೋಗಲೇಬೇಕಾಗುತ್ತದೆ. ಕೋಣೆಯಲ್ಲಿ ಒಬ್ಬರೇ ಇದ್ದರೆ ಅರ್ಧ ತಾಸಿನ ನಿದ್ದೆಗೆ ಯಾರ ಅಡ್ಡಿಯೂ ಇಲ್ಲ. ತಮ್ಮ ಮಠದಲ್ಲಿ ಪ್ರಸಾದ ನಿಲಯ, ಅಂದರೆ ಮಕ್ಕಳ ವಸತಿನಿಲಯ, ಇದ್ದರೆ, ಅಲ್ಲಿ ಇಪ್ಪತ್ತೇ ಹುಡುಗರಿರಲಿ, ಬೆಳಗಿನ ಪ್ರಾರ್ಥನೆಯನ್ನು ತಾವೇ ನಡೆಸಿ. ಅದಕ್ಕೆ ಮೊದಲು ತಮ್ಮ ಇಷ್ಟಲಿಂಗ ಪೂಜೆ ಮುಗಿದಿರಬೇಕೆಂದು ನಿಯಮ ಮಾಡಿಕೊಳ್ಳಿ. ಪ್ರಸಾದ ನಿಲಯವಿಲ್ಲದಿದ್ದರೆ ಊರಿನ ನಾಲ್ಕು ಜನ ಆಸಕ್ತರನ್ನು ಪೂಜೆಗೆ ಕರೆದು ಕೂರಿಸಿಕೊಳ್ಳಿ.

ಪೂಜೆಯ ಅವಧಿಯನ್ನು ಒಮ್ಮೆಲೇ ಎರಡು ತಾಸಿಗೆ ಏರಿಸಬೇಡಿ. ಜಾತ್ರೆಯ ದಿನವೂ, ಜ್ವರ ಬಂದ ದಿನವೂ, ತಡರಾತ್ರಿ ಊರಿನಿಂದ ಮರಳಿದ ಮರುದಿನವೂ ನಡೆಸಬಹುದಾದಷ್ಟು ಸಮಯವನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಹೆಚ್ಚಾದರೆ ಅದು ಆ ದಿನದ ಭಾಗ್ಯ. ಶ್ರಾವಣದ ಸಂಕಲ್ಪಗಳು ದಸರೆಗೆ ಸಡಿಲವಾಗುವುದಕ್ಕೆ ಒಂದು ಕಾರಣ, ಅವು ಶ್ರಾವಣದ ಉತ್ಸಾಹಕ್ಕೆ ಅಳತೆ ಮಾಡಿದವುಗಳಾಗಿರುತ್ತವೆ. ಒಂದು ದಿನ ತಪ್ಪಿದರೆ ಪ್ರಾಯಶ್ಚಿತ್ತವೆಂದು ಮರುದಿನ ಇಮ್ಮಡಿ ಮಾಡಲು ಹೋಗದೆ, ಎಂದಿನ ಅಳತೆಯಲ್ಲೇ ಮುಂದುವರಿಯಿರಿ.

ಕಾರ್ಯಕ್ರಮಗಳ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗಿದೆ. ಅಂಗಡಿಯ ಉದ್ಘಾಟನೆ, ಗೃಹಪ್ರವೇಶ, ಸಾಮೂಹಿಕ ವಿವಾಹ, ಕ್ರಿಕೆಟ್ ಪಂದ್ಯಾವಳಿ, ರಾಜಕಾರಣಿಗಳ ಜನ್ಮದಿನ, ಎಲ್ಲಕ್ಕೂ 'ದಿವ್ಯ ಸಾನ್ನಿಧ್ಯ' ಬೇಕೆಂದು ಜನ ಬಯಸುತ್ತಾರೆ. ಹೋಗದಿದ್ದರೆ ಪಕ್ಕದ ಮಠದವರು ಹೋಗುತ್ತಾರೆಂಬ ಅಳುಕೂ ಒಳಗೆ ಇರುತ್ತದೆ. ಅದನ್ನು ತಾವು ಬರೆದಿಲ್ಲ, ಆದರೆ ಮಠಗಳನ್ನು ಬಲ್ಲವರಿಗೆ ಗೊತ್ತಿರುವ ಸಂಗತಿ. ವಾರದಲ್ಲಿ ಎರಡು ದಿನ ಯಾವ ಊರಿಗೂ ಹೋಗುವುದಿಲ್ಲವೆಂದು ಗೊತ್ತುಮಾಡಿ ಪ್ರಕಟಿಸಿ. ಉಳಿದ ದಿನಗಳಲ್ಲಿ ದಿನಕ್ಕೆ ಒಂದೇ ಊರು. ಬಡವರ ಮನೆಯ ಬಿನ್ನಹವನ್ನೂ ಸಾವಿನ ಮನೆಯ ಸಾಂತ್ವನವನ್ನೂ ಬಿಡಬೇಡಿ, ವೇದಿಕೆಗಳನ್ನು ಬಿಡಿ. ಬಿಟ್ಟು ಉಳಿದ ಸಮಯದಲ್ಲಿ ದಿನಕ್ಕೆ ಒಂದು ತಾಸು ಓದಿಗೆ ಇರಲಿ. ಓದು ನಿಂತ ಸ್ವಾಮಿಗಳ ಆಶೀರ್ವಚನದಲ್ಲಿ ಅದೇ ಮೂರು ವಚನಗಳು, ಅದೇ ಎರಡು ದೃಷ್ಟಾಂತಗಳು ಊರೂರು ತಿರುಗುತ್ತವೆ, ಮತ್ತು ಭಕ್ತರು ಗೌರವದಿಂದ ಸುಮ್ಮನಿರುವುದರಿಂದ ಆಡುವವರಿಗೆ ಅದು ತಿಳಿಯುವುದೇ ಇಲ್ಲ.

ಮಠಗಳಲ್ಲಿ ಮೌನ ಅನುಷ್ಠಾನದ ಪರಂಪರೆ ಇದೆ. ವರ್ಷಕ್ಕೊಮ್ಮೆ ಅದನ್ನು ಕೈಗೊಳ್ಳಿ, ಬ್ಯಾನರ್ ಹಾಕಿಸದೆ, ಮುಕ್ತಾಯದ ಸಮಾರಂಭವನ್ನು ಏರ್ಪಡಿಸದೆ. ಮಂಗಲೋತ್ಸವಕ್ಕೆ ಮಂತ್ರಿಗಳನ್ನು ಕರೆಯುವ ಅನುಷ್ಠಾನದಲ್ಲಿ ಮನಸ್ಸು ಮೊದಲ ದಿನದಿಂದಲೇ ಆ ಸಮಾರಂಭದ ಕಡೆಗಿರುತ್ತದೆ.

ಹಣದ ವಿಷಯವನ್ನು ತಾವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ದಿನಚರಿ ಸಡಿಲವಾದ ಕಡೆ ಮುಂದೆ ಸಡಿಲವಾಗುವುದು ಲೆಕ್ಕ. ಪಾದಪೂಜೆಯ ಕಾಣಿಕೆ ನೇರವಾಗಿ ಸ್ವಾಮಿಗಳ ಕೈಗೆ ಬರುತ್ತದೆ, ರಸೀದಿ ಇರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಇದ್ದಲ್ಲಿಯೇ ಚೆಲ್ಲಿ ಬರುವಂತೆ ಹೇಳಿದರು. ಅಕ್ಕಿ ಕದ್ದದ್ದಲ್ಲ, ಕಾಯಕದಿಂದಲೇ ಬಂದದ್ದು, ಸೇವೆಗೇ ಹೋಗುವಂಥದ್ದು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಮಠದ ಹೆಸರಿನಲ್ಲಿ ಕೂಡಿಡುವಾಗ ಈ ಪ್ರಸಂಗವನ್ನು ನೆನೆಯಬೇಕು. ಕೈಗೆ ಬಂದ ಕಾಣಿಕೆಯೆಲ್ಲ ಅಂದೇ ಇಬ್ಬರ ಎದುರು ಎಣಿಕೆಯಾಗಿ ಪುಸ್ತಕಕ್ಕೆ ಏರಲಿ, ಮಠದ ಬ್ಯಾಂಕ್ ಖಾತೆಗೆ ಹೋಗಲಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗಿ ಜಾತ್ರೆಯ ಸಮಯದಲ್ಲಿ ಭಕ್ತರ ಎದುರು ಓದಿ ಹೇಳಲಿ. ಪೂರ್ವಾಶ್ರಮದ ಬಂಧುಗಳನ್ನು ಮಠದ ಹಣದ ವ್ಯವಹಾರದಿಂದ ದೂರವಿಡಿ.

ಭೇಟಿಗಳಿಗೂ ನಿಯಮವಿರಲಿ. ಗಂಡಸರಿರಲಿ ಹೆಂಗಸರಿರಲಿ, ಒಬ್ಬರೇ ಬಂದವರೊಂದಿಗೆ ಬಾಗಿಲು ತೆರೆದ ಕೋಣೆಯಲ್ಲಿ, ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಕುಳಿತು ಮಾತನಾಡಿ. ಪ್ರಸಾದ ನಿಲಯದ ಮಗುವನ್ನು ಸೇವೆಗೆಂದು ಒಂಟಿಯಾಗಿ ಕೋಣೆಗೆ ಕರೆಸುವ ರೂಢಿ ಎಲ್ಲಿದ್ದರೂ ಅದು ನಿಲ್ಲಬೇಕು. ಮಕ್ಕಳ ರಕ್ಷಣೆಗೆ 2012ರಲ್ಲಿ ಬಂದ ಪೋಕ್ಸೊ ಕಾಯ್ದೆ ಪೀಠವನ್ನು ನೋಡಿ ವಿನಾಯಿತಿ ಕೊಡುವುದಿಲ್ಲ, ಕೊಡಲೂಬಾರದು. ನಾನು ಒಳ್ಳೆಯವನು, ನನಗೆ ಈ ನಿಯಮ ಏಕೆ ಎಂದು ಯಾರಿಗಾದರೂ ಅನ್ನಿಸಿದರೆ, ಆ ನಿಯಮದಿಂದ ಮಕ್ಕಳಿಗೆ ಸಿಗುವ ರಕ್ಷಣೆಯನ್ನು ಅವರು ನೆನೆಯಲಿ.

ಕೊನೆಯದು, ಮತ್ತು ಎಲ್ಲಕ್ಕಿಂತ ಕಷ್ಟದ್ದು: ತಮ್ಮನ್ನು ಕೇಳಬಲ್ಲ ಒಬ್ಬರನ್ನು ತಾವೇ ಆರಿಸಿಕೊಳ್ಳಬೇಕು. ಸೊನ್ನಲಿಗೆಯ ಸಿದ್ಧರಾಮರು, ಇಂದಿನ ಸೊಲ್ಲಾಪುರದಲ್ಲಿ, ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಸಾವಿರಾರು ಜನರನ್ನು ಕೆಲಸದಲ್ಲಿ ತೊಡಗಿಸಿದ್ದ ಮಹಾನಾಯಕರು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು 'ಒಡ್ಡರಾಮ' ಎಂದು ಕರೆದು ಕೆಣಕಿದರು. ಅನುಯಾಯಿಗಳು ಕಲ್ಲೆತ್ತಿದರು, ಸಿದ್ಧರಾಮರೂ ಕೆರಳಿದರು ಎನ್ನುತ್ತದೆ ಕಥನ. ಆದರೆ ಮಾತು ಬೆಳೆದಂತೆ, ಹೊರಗೆ ಇಷ್ಟೆಲ್ಲ ಕಟ್ಟಿದವನು ಒಳಗೆ ಏನು ಕಟ್ಟಿದ್ದಾನೆಂಬ ಪ್ರಶ್ನೆ ಅವರನ್ನು ತಟ್ಟಿತು. ಅಲ್ಲಮರ ಜೊತೆ ಕಲ್ಯಾಣಕ್ಕೆ ಹೋಗಿ, ವಯಸ್ಸಿನಲ್ಲಿ ಚಿಕ್ಕವರಾದ ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆ ಪಡೆದರು. ಇಂದಿನ ಸಿದ್ಧರಾಮರ ಬಾಗಿಲಿಗೆ ಅಲ್ಲಮರು ತಾವಾಗಿ ಬರುವುದು ಅಪರೂಪ. ಬಂದರೂ ಅನುಯಾಯಿಗಳು ಒಳಗೆ ಬಿಡುವುದಿಲ್ಲ. ಆದ್ದರಿಂದ ತಮಗೆ ಕಲಿಸಿದ ಗುರುಗಳೊಬ್ಬರು ಇದ್ದರೆ ತಿಂಗಳಿಗೊಮ್ಮೆ ಅವರ ಬಳಿ ಹೋಗಿ, ಪೂಜೆ, ಓದು, ಹಣ, ಮೊಬೈಲು, ಕೋಪ ಎಲ್ಲವನ್ನೂ ಹೇಳಿಕೊಳ್ಳಿ. ಇಲ್ಲದಿದ್ದರೆ ಜೊತೆಯಲ್ಲಿ ಕಲಿತ ಇನ್ನೊಬ್ಬ ಸ್ವಾಮಿಗಳೊಂದಿಗೆ ಪರಸ್ಪರ ಒಪ್ಪಂದ ಮಾಡಿಕೊಳ್ಳಿ: ವಾರಕ್ಕೊಮ್ಮೆ ಫೋನಿನಲ್ಲಿ ಅವರು ಕೇಳಲಿ, ತಾವು ಸುಳ್ಳಾಡದೆ ಉತ್ತರಿಸಿ, ತಾವೂ ಅವರನ್ನು ಕೇಳಿ. ವೇದಿಕೆಯ ಮೇಲೆ ತಮಗಾಗುವ ಸಂಕೋಚವನ್ನು ಕಳೆದುಕೊಳ್ಳಬೇಡಿ. ಅದು ಇರುವವರೆಗೆ ಕೆಲಸ ಮಾಡಲು ಅವಕಾಶವಿದೆ.

ಪ್ರಶ್ನೆ: ನಾನು ಧಾರವಾಡದ ಕಡೆಯ ಒಂದು ಸಭೆಯ ಸಭಾಪಾಲಕ. ಎಲ್ಲರಿಗಾಗಿ ಪ್ರಾರ್ಥಿಸುತ್ತೇನೆ, ನನ್ನ ಸ್ವಂತ ಪ್ರಾರ್ಥನೆ ನಿಂತುಹೋಗಿದೆ. ಸತ್ಯವೇದವನ್ನು ತೆರೆಯುವುದು ಭಾನುವಾರದ ಪ್ರಸಂಗಕ್ಕಾಗಿ ಮಾತ್ರ. ಹೆಂಡತಿ, ಮಕ್ಕಳು 'ನೀವು ಸಭೆಯವರಿಗೆ ಸಿಗುತ್ತೀರಿ, ನಮಗೆ ಸಿಗುವುದಿಲ್ಲ' ಎನ್ನುತ್ತಾರೆ. ಇನ್ನಷ್ಟು ಉಪವಾಸ, ಇನ್ನಷ್ಟು ಜಾಗರಣೆ ಮಾಡಿದರೆ ಸರಿಹೋಗುವುದೇ?

ಉತ್ತರ: ಇಲ್ಲ, ಸಭಾಪಾಲಕರೇ. ದಣಿದವರಿಗೆ ಜಾಗರಣೆ ಔಷಧವಲ್ಲ. ಸತ್ಯವೇದದ ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡವೊಂದರ ಕೆಳಗೆ ಮಲಗಿ ಸಾಯಲು ಬಯಸಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಅವನು ತಿಂದು ಮತ್ತೆ ಮಲಗಿದನು, ಎರಡನೆಯ ಸಲವೂ ಎಬ್ಬಿಸಿ ಊಟಕ್ಕೇ ಕರೆದನು. ದೇವರ ಬೆಟ್ಟದ ಪ್ರಯಾಣವೂ ಅಲ್ಲಿನ ಮಾತುಕತೆಯೂ ಆಮೇಲಿನವು. ಮೊದಲು ವಾರಕ್ಕೊಂದು ವಿಶ್ರಾಂತಿಯ ದಿನವನ್ನು ನಿಜವಾಗಿ ತೆಗೆದುಕೊಳ್ಳಿ. ಹತ್ತು ಆಜ್ಞೆಗಳಲ್ಲಿ ಸಬ್ಬತ್ತೂ ಒಂದು. ಭಾನುವಾರ ತಮಗೆ ದುಡಿಮೆಯ ದಿನವಾದ್ದರಿಂದ ಸೋಮವಾರವನ್ನು ಹಾಗೆ ಇಟ್ಟುಕೊಳ್ಳಬೇಕು, ಮತ್ತು ಸಭೆಯ ಹಿರಿಯರ ಮಂಡಳಿಯ ಒಪ್ಪಿಗೆಯಿಂದ ಅದನ್ನು ಸಭೆಗೆ ತಿಳಿಸಬೇಕು.

ಕೆಲಸ ಹಂಚುವುದರ ಬಗ್ಗೆ ತಮಗೆ ನಾನು ಹೊಸದಾಗಿ ಹೇಳಬೇಕಾದದ್ದೇನಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಮೋಶೆಗೆ, ಇದರಿಂದ ನೀನೂ ಬಳಲುವೆ, ಜನರೂ ಬಳಲುವರು ಎಂದು ಅವನ ಮಾವ ಇತ್ರೋನು ಎಚ್ಚರಿಸಿ, ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನಾಯಕರನ್ನು ನೇಮಿಸುವಂತೆ ಹೇಳಿದ್ದು ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಯೆರೂಸಲೇಮಿನಲ್ಲಿ ವಿಧವೆಯರ ಊಟದ ಹಂಚಿಕೆಯ ಬಗ್ಗೆ ಗೊಣಗಾಟ ಎದ್ದಾಗ ಅಪೊಸ್ತಲರು ಏಳು ಮಂದಿಯನ್ನು ಆರಿಸುವಂತೆ ಸಭೆಯವರಿಗೇ ಹೇಳಿ, ಆರಿಸಿದವರಿಗೆ ಆ ಕೆಲಸವನ್ನು ಒಪ್ಪಿಸಿ, ತಾವು ಪ್ರಾರ್ಥನೆಗೂ ವಾಕ್ಯೋಪದೇಶಕ್ಕೂ ನಿಂತರು. ಇವುಗಳ ಮೇಲೆ ತಾವೇ ಪ್ರಸಂಗ ಮಾಡಿರುತ್ತೀರಿ. ಆದರೂ ಶಾಲೆಯ ಸೀಟಿನ ಶಿಫಾರಸು, ಸ್ಮಶಾನದ ಬೇಲಿ, ಯುವಕರ ಸಂಘದ ಜಗಳ ಎಲ್ಲವೂ ತಮ್ಮ ಬಳಿಗೇ ಬರುವುದು ಏಕೆ? ಬಹುಶಃ 'ಅಯ್ಯನವರಿಲ್ಲದೆ ಏನೂ ನಡೆಯುವುದಿಲ್ಲ' ಎಂಬ ಮಾತು ಕೇಳಲು ಹಿತವಾಗಿರುವುದರಿಂದ. ಆ ಹಿತವನ್ನು ಬಿಡುವುದೂ ಶಿಸ್ತೇ, ಅದು ಒಂದು ಹೊತ್ತಿನ ಊಟ ಬಿಡುವುದಕ್ಕಿಂತ ಕಷ್ಟದ ಉಪವಾಸ.

ಸ್ವಂತ ಪ್ರಾರ್ಥನೆಗೆ ಬೆಳಗಿನ ಹೊತ್ತೇ ಸರಿ. ಕಪೆರ್ನೌಮಿನಲ್ಲಿ ಹಿಂದಿನ ಸಂಜೆ ಊರೇ ಬಾಗಿಲಿಗೆ ಬಂದು ನೆರೆದಿದ್ದರೂ, ಯೇಸು ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ಬರೆದಿದ್ದಾನೆ. ಶಿಷ್ಯರು ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದಾಗ ಅವನು ಆ ಜನರ ಬಳಿಗೆ ಹಿಂದಿರುಗದೆ ಬೇರೆ ಊರುಗಳಿಗೆ ಹೊರಟದ್ದನ್ನೂ ಗಮನಿಸಿ. ಸತ್ಯವೇದದ ಒಂದು ಭಾಗವನ್ನು, ಕೀರ್ತನೆಗಳಿರಲಿ ಸುವಾರ್ತೆಯಿರಲಿ, ಎಂದಿಗೂ ಪ್ರಸಂಗಕ್ಕೆ ಬಳಸುವುದಿಲ್ಲವೆಂದು ನಿಶ್ಚಯಿಸಿ ಓದಿ, ಟಿಪ್ಪಣಿ ಮಾಡಿಕೊಳ್ಳಬೇಡಿ. ರಾತ್ರಿ ಮಲಗುವ ಮೊದಲು ಆ ದಿನವನ್ನು ದೇವರ ಮುಂದೆ ತಿರುಗಿ ನೋಡಿ: ಎಲ್ಲಿ ಕೃತಜ್ಞತೆ ಇತ್ತು, ಎಲ್ಲಿ ಮಾತು ಜಾರಿತು, ನಾಳೆ ಯಾರ ಕ್ಷಮೆ ಕೇಳಬೇಕು. ಹದಿನಾರನೆಯ ಶತಮಾನದಲ್ಲಿ ಲೊಯೋಲಾದ ಇಗ್ನೇಷಿಯಸ್ ತಮ್ಮ ಸಂಗಾತಿಗಳಿಗೆ ಇಂಥ ಆತ್ಮಶೋಧನೆಯನ್ನು ದಿನಕ್ಕೆ ಎರಡು ಸಲ ಮಾಡುವಂತೆ ಕಲಿಸಿದರು. ನಮ್ಮ ನಾಡಿನ ಜೈನ ಮುನಿಗಳ ಪ್ರತಿಕ್ರಮಣವೂ ದಿನದಲ್ಲಿ ಎರಡು ಸಲ ತಪ್ಪುಗಳನ್ನು ನೆನೆದು ಹಿಂದಿರುಗುವ ಕ್ರಮವೇ. ಒಬ್ಬರಿಂದೊಬ್ಬರು ಕಲಿಯದೆಯೂ ಎರಡು ಪರಂಪರೆಗಳು ಒಂದೇ ಅಭ್ಯಾಸಕ್ಕೆ ಬಂದು ನಿಂತಿರುವುದರಿಂದ, ಅದರ ಅಗತ್ಯ ಮನುಷ್ಯ ಸ್ವಭಾವದಲ್ಲೇ ಇದೆ ಎಂದು ನಾನು ತಿಳಿಯುತ್ತೇನೆ.

ಕೊರಿಂಥದವರ ಕಾಣಿಕೆಯನ್ನು ಒಯ್ಯುವಾಗ ಪೌಲನು ಯಾರೂ ತಪ್ಪು ಹೊರಿಸದಂತೆ ಬೇರೆಯವರನ್ನೂ ಜೊತೆಗೆ ಕಳುಹಿಸಿದನು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲೂ ಸರಿಯಾಗಿರಬೇಕೆಂದು. 1948ರಲ್ಲಿ ಅಮೆರಿಕದ ಮೊಡೆಸ್ಟೊ ನಗರದಲ್ಲಿ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ಸಂಗಡಿಗರು ಕುಳಿತು, ಸುವಾರ್ತಿಕರು ಎಡವುವ ಕಡೆಗಳನ್ನು ಗುರುತಿಸಿ, ಹಣ, ಸ್ತ್ರೀಪುರುಷ ಸಂಬಂಧದ ಶುದ್ಧಿ, ಸ್ಥಳೀಯ ಸಭೆಗಳ ನಿಂದೆ, ಸಂಖ್ಯೆಗಳ ಉತ್ಪ್ರೇಕ್ಷೆ ಈ ನಾಲ್ಕರ ಬಗ್ಗೆ ತಮಗೆ ತಾವೇ ನಿಯಮ ಹಾಕಿಕೊಂಡರು. ಹೆಸರು ಕೆಟ್ಟ ಮೇಲೆ ಮಾಡಿದ್ದಲ್ಲ. ಕೆಡುವ ಮೊದಲೇ ಮಾಡಿದ್ದು. ಆ ನಾಲ್ಕಕ್ಕೆ ಐದನೆಯದೊಂದನ್ನು ತಾವು ಸೇರಿಸಿಕೊಳ್ಳಿ: ವಾರದಲ್ಲಿ ಯಾವ ಸಂಜೆಗಳು ಮನೆಯವರಿಗೆ ಎಂಬುದನ್ನು ಸಭೆಯ ಕಾರ್ಯಕ್ರಮಗಳ ಡೈರಿಯಲ್ಲೇ ಬರೆದಿಡಿ, ಮತ್ತು ಅದು ಉಳಿಯಿತೋ ಇಲ್ಲವೋ ಎಂದು ಹೆಂಡತಿಯನ್ನೇ ಕೇಳಿ. ಅವರು ಕೊಡುವ ಉತ್ತರವನ್ನು ವಾದಿಸದೆ ಕೇಳಿಸಿಕೊಳ್ಳಿ.

ಪ್ರಶ್ನೆ: ದಾವಣಗೆರೆಯಲ್ಲಿ ಅಕ್ಕನ ಬಳಗವೊಂದನ್ನು ನಡೆಸುತ್ತಿದ್ದೇನೆ. ವಾರಕ್ಕೊಮ್ಮೆ ವಚನ ಗಾಯನ, ಚಿಂತನೆ ಇರುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯವರಿದ್ದಾರೆ, ಅವರಿಗಾಗಿ ರಾತ್ರಿ ಎರಡು ಮೂರು ಸಲ ಏಳಬೇಕು. ಬ್ರಾಹ್ಮೀ ಮುಹೂರ್ತದಲ್ಲಿ ಏಳದವಳು ಬಳಗವನ್ನು ಮುನ್ನಡೆಸಬಹುದೇ ಎಂದು ಸದಸ್ಯೆಯೊಬ್ಬರು ಅಂದರು. ನನಗೆ ಕೋಪ ಬಂತು, ಎಲ್ಲರ ಎದುರು ಗದರಿಸಿದೆ. ಆಮೇಲೆ ನನಗೇ ಅಳು ಬಂತು.

ಉತ್ತರ: ತಂಗೀ, ರಾತ್ರಿ ಎರಡು ಮೂರು ಸಲ ಎದ್ದು ಹಿರಿಯ ಜೀವಕ್ಕೆ ನೀರು ಕೊಟ್ಟು, ಮೈ ಒರೆಸಿ ಮಲಗಿಸುವವರು ನಾಲ್ಕಕ್ಕೆ ಏಳಲಿಲ್ಲವೆಂದು ಯಾರೂ ಆಕ್ಷೇಪಿಸಬೇಕಾದ್ದಿಲ್ಲ. ವಿರಕ್ತರ ದಿನಚರಿಯನ್ನು ಸಂಸಾರಸ್ಥರ ಮೇಲೆ ಹೇರುವುದೇ ತಪ್ಪು. ಕಲ್ಯಾಣದಲ್ಲಿ ನೆರೆದವರಲ್ಲಿ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಕಸ ಗುಡಿಸುವ ಸತ್ಯಕ್ಕ ಇದ್ದರು. ಅವರ ನೇಮವು ಕಾಯಕದ ಒಳಗೇ ಇತ್ತು, ಅದಕ್ಕಾಗಿ ಕಾಯಕವನ್ನು ಬಿಟ್ಟು ಬೇರೆಡೆ ಹೋಗಬೇಕಾಗಿರಲಿಲ್ಲ. ತಾವು ಅತ್ತೆಯವರ ಆರೈಕೆಯ ನಡುವೆ ಸಿಗುವ ಒಂದು ಸ್ಥಿರವಾದ ಹೊತ್ತನ್ನು, ಅದು ಮಧ್ಯಾಹ್ನ ಮೂರು ಗಂಟೆಯೇ ಆಗಲಿ, ಪೂಜೆಗೂ ಓದಿಗೂ ಇಟ್ಟುಕೊಳ್ಳಿ. ಹೊತ್ತು ಯಾವುದೆಂಬುದಕ್ಕಿಂತ ದಿನವೂ ಅದೇ ಹೊತ್ತಾಗಿರುವುದು ಮುಖ್ಯ. ಮನೆಯವರಿಗೂ ಅದು ಗೊತ್ತಿರಲಿ. ಆ ಅರ್ಧ ತಾಸು ಅತ್ತೆಯವರನ್ನು ಮಗನೋ ಮೊಮ್ಮಕ್ಕಳೋ ನೋಡಿಕೊಳ್ಳಲಿ. ಅದನ್ನು ಕೇಳಿ ಪಡೆಯಲು ತಾವು ಹಿಂಜರಿಯಬಾರದು.

ಆದರೆ ಕೋಪದ ಬಗ್ಗೆ ತಮ್ಮನ್ನು ಸಮಾಧಾನಪಡಿಸಿ ಬಿಟ್ಟುಬಿಡಲಾರೆ. ಬಳಗ ನಡೆಸುವವರ ಶಿಸ್ತು ಹೆಚ್ಚಾಗಿ ನಾಲಿಗೆಗೆ ಸಂಬಂಧಿಸಿದ್ದು. ಅಂಥ ಕೂಟಗಳು ಒಡೆಯುವುದು ತತ್ತ್ವದ ಭಿನ್ನಾಭಿಪ್ರಾಯದಿಂದಲ್ಲ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರಿಗೆ ಹೇಳಿದ್ದರಿಂದ, ಹಾಡಲು ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟದ್ದರಿಂದ, ಚಂದಾ ಹಣದ ಲೆಕ್ಕವನ್ನು ಹೇಳಲು ತಡಮಾಡಿದ್ದರಿಂದ. ಎಲ್ಲರ ಎದುರು ಗದರಿಸಿದ್ದೀರಿ, ಹಾಗಾಗಿ ಎಲ್ಲರ ಎದುರೇ, ಮುಂದಿನ ಸಭೆಯ ಮೊದಲಲ್ಲಿ, ಅವರ ಕ್ಷಮೆ ಕೇಳಿ. ಕಾರಣ ವಿವರಿಸಬೇಡಿ, ಅತ್ತೆಯವರ ಸ್ಥಿತಿಯನ್ನೂ ಎತ್ತಬೇಡಿ. ಎತ್ತಿದರೆ ಕ್ಷಮೆ ಕೇಳಿದ್ದು ಆ ಸದಸ್ಯೆಯ ಮೇಲಿನ ದೂರಾಗುತ್ತದೆ. ಮುಂದೆ ಯಾರಾದರೂ ತಮ್ಮನ್ನು ಟೀಕಿಸಿದಾಗ ಅಲ್ಲೇ ಉತ್ತರ ಕೊಡದೆ, 'ಯೋಚಿಸಿ ಹೇಳುತ್ತೇನೆ' ಎಂದು ಒಂದು ದಿನ ತೆಗೆದುಕೊಳ್ಳುವುದನ್ನು ರೂಢಿಸಿಕೊಳ್ಳಿ. ಅಂದಹಾಗೆ, ತಮ್ಮನ್ನು ಪ್ರಶ್ನಿಸಿದ ಆ ಸದಸ್ಯೆಯನ್ನು ಬಳಗದಿಂದ ದೂರಮಾಡಬೇಡಿ. ಅವರ ಪ್ರಶ್ನೆ ತಪ್ಪಾಗಿತ್ತು, ಆದರೆ ಪ್ರಶ್ನಿಸುವ ಧೈರ್ಯ ಅವರಲ್ಲಿದೆ. ಚಂದಾ ಹಣದ ಲೆಕ್ಕವನ್ನು ಅವರಿಗೇ ಒಪ್ಪಿಸಬಹುದೇ ಎಂದು ಯೋಚಿಸಿ.

ಪ್ರಶ್ನೆ: ನಮ್ಮೂರ ಮಠದ ಟ್ರಸ್ಟ್ ಕಮಿಟಿಯ ಕಾರ್ಯದರ್ಶಿ ನಾನು. ನಮ್ಮ ಸ್ವಾಮಿಗಳು ಒಳ್ಳೆಯವರು, ಆದರೆ ದಿನಚರಿ ಹಳಿತಪ್ಪುತ್ತಿದೆ. ಹೇಳಲು ನಮಗೆ ಬಾಯಿ ಬರುವುದಿಲ್ಲ. ಭಕ್ತರಾದ ನಾವು ಏನು ಮಾಡಬಹುದು?

ಉತ್ತರ: ಕಾರ್ಯದರ್ಶಿಗಳೇ, ಮೊದಲು ತಮ್ಮ ಕಮಿಟಿಯವರೇ ತಮ್ಮನ್ನು ಕೇಳಿಕೊಳ್ಳಬೇಕಾದದ್ದಿದೆ. ರಾತ್ರಿ ಹತ್ತರ ನಂತರ ಸ್ವಾಮಿಗಳಿಗೆ ಫೋನ್ ಮಾಡುವವರು ಯಾರು? ತಮ್ಮ ಮಗನ ಅಂಗಡಿಯ ಉದ್ಘಾಟನೆಗೆ ಅವರು ಬಾರದಿದ್ದಾಗ ಮುನಿಸಿಕೊಂಡವರು ಯಾರು? ಜಾಗದ ತಗಾದೆ, ಚುನಾವಣೆಯ ಟಿಕೆಟ್ಟು, ವರ್ಗಾವಣೆ ಇವುಗಳಿಗೆ ಅವರ ಶಿಫಾರಸು ಪತ್ರವನ್ನು ಕೇಳಿದವರು ಯಾರು? ಸ್ವಾಮಿಗಳ ಸಮಯವನ್ನು ಕದಿಯುವವರಲ್ಲಿ ಹೆಚ್ಚಿನವರು ಅವರ ಹತ್ತಿರದ ಭಕ್ತರೇ. ಒಂದು ತಿಂಗಳು ಕಮಿಟಿಯ ಸದಸ್ಯರೆಲ್ಲ ಇವಿಷ್ಟನ್ನೂ ನಿಲ್ಲಿಸಿ ನೋಡಿ. ಅರ್ಧ ಹಳಿ ತಾನಾಗಿ ಸರಿಯಾಗುತ್ತದೆ.

ಉಳಿದರ್ಧಕ್ಕೆ ಮಾತನಾಡಲೇಬೇಕು. ಗುಂಪಾಗಿ ಹೋಗಬೇಡಿ, ಅವರು ಗೌರವಿಸುವ ಇಬ್ಬರು ಹಿರಿಯರು ಹೋಗಿ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಕಂಡದ್ದನ್ನು ಕಂಡಂತೆ ಹೇಳಲಿ, ಕೇಳಿದ ಸುದ್ದಿಯನ್ನು ಸೇರಿಸದಿರಲಿ. ಇದನ್ನು ಅವಿಧೇಯತೆ ಎಂದು ತಿಳಿಯಬೇಡಿ. ಪಂಚಾಚಾರಗಳಲ್ಲಿ ಭೃತ್ಯಾಚಾರದ ಜೊತೆಗೆ ಗಣಾಚಾರವೂ ಇದೆ: ವಿನಯದ ಜೊತೆಗೆ, ಧರ್ಮಕ್ಕೆ ಕುಂದು ಬಂದಾಗ ಸುಮ್ಮನಿರದ ನಿಷ್ಠುರತೆಯನ್ನೂ ಪರಂಪರೆಯೇ ಭಕ್ತರಿಂದ ಬೇಡುತ್ತದೆ. ಆದರೆ ಹಣ ದುರುಪಯೋಗವಾಗಿದ್ದರೆ ಅಥವಾ ಮಗುವಿಗೋ ಮಹಿಳೆಗೋ ತೊಂದರೆಯಾದ ಸೂಚನೆ ಇದ್ದರೆ ಅದು ದಿನಚರಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಗ ಹಿರಿಯರ ಸಂಧಾನಕ್ಕೆ ಕಾಯದೆ, ಮಠದ ಮಾನ ಹೋಗುತ್ತದೆಂದು ಮುಚ್ಚಿಡದೆ, ಕಾನೂನಿಗೆ ಒಪ್ಪಿಸಬೇಕು. ಮಗುವಿನ ವಿಷಯದಲ್ಲಂತೂ ಗೊತ್ತಿದ್ದೂ ವರದಿ ಮಾಡದಿರುವುದನ್ನೇ ಪೋಕ್ಸೊ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಮುಂದಿನ ಸಭೆಯಲ್ಲಿ ಮೂರು ಠರಾವುಗಳನ್ನು ಮಾಡಿ: ದರ್ಶನದ ವೇಳೆ, ವಾರದಲ್ಲಿ ಕಾರ್ಯಕ್ರಮವಿಲ್ಲದ ಎರಡು ದಿನ, ಕಾಣಿಕೆಯ ದೈನಂದಿನ ಲೆಕ್ಕ. ಸ್ವಾಮಿಗಳ ಒಪ್ಪಿಗೆ ಪಡೆದು ಕಮಿಟಿಯ ಹೆಸರಿನಲ್ಲಿ ಫಲಕ ಹಾಕಿ. 'ಆಗುವುದಿಲ್ಲ' ಎನ್ನುವ ಹೊಣೆಯನ್ನು ಅವರ ಮೇಲೆ ಬಿಡದೆ ತಾವು ಹೊತ್ತುಕೊಳ್ಳಿ.